ಪರ್ವತ ಸರೋವರದ ಹೂಳು, ಪರಾಗ ಮತ್ತು ಕಣಿವೆಯ ಗಾಳಿ

ಹಿಂದೆ ಕಾಡಿನ ಮೇಲಂಚು ಎಲ್ಲಿತ್ತು, ಹವೆ ಎಷ್ಟು ಬೆಚ್ಚಗಿತ್ತು ಎಂದು ತಿಳಿಯಲು ಪರ್ವತ ಸರೋವರದ ಹೂಳಿನಲ್ಲಿ ಹಳೆಯ ಪರಾಗ ಎಣಿಸುವವರು ಮೊದಲು ಲೆಕ್ಕಕ್ಕೆ ಹಿಡಿಯಬೇಕಾದದ್ದು ಗಾಳಿಯನ್ನು. ಹಗಲು ಕಣಿವೆಯಿಂದ ಮೇಲಕ್ಕೇರುವ ಗಾಳಿ ಕೆಳಗಿನ ಕಾಡಿನ ಪರಾಗವನ್ನು ಮರವೇ ಇಲ್ಲದ ಎತ್ತರಕ್ಕೆ ಹೊತ್ತು ತರುತ್ತದೆ. ಪೈನ್ ಪರಾಗಕ್ಕೆ ಎರಡು ಗಾಳಿಚೀಲಗಳಿವೆ, ಮರ ಅದನ್ನು ಹೇರಳವಾಗಿ ಉದುರಿಸುತ್ತದೆ. ಪೈನ್ ಶೇಕಡಾ 40 ಕಂಡಿತೆಂದು ಅಲ್ಲಿ ಕಾಡಿತ್ತು ಎಂದು ನಾನು ಬರೆಯುವುದಿಲ್ಲ. 1916ರಲ್ಲಿ ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್ ತೋರಿಸಿಕೊಟ್ಟ, ಪ್ರತಿ ಪದರದಲ್ಲಿ ಯಾವ ಗಿಡದ ಪರಾಗ ಎಷ್ಟು ಪಾಲು ಎಂದು ತೋರಿಸುವ ಶೇಕಡಾವಾರು ನಕ್ಷೆ ಇಂದಿಗೂ ಈ ಕೆಲಸದ ಬೆನ್ನೆಲುಬು; ಎತ್ತರದಲ್ಲಿ ಮಾತ್ರ ಅದೊಂದೇ ಸಾಲದು.

ನಾನು ಆರಿಸುವುದು ಕೆಲವೇ ಹೆಕ್ಟೇರಿನ, ದೊಡ್ಡ ತೊರೆ ಬಂದು ಸೇರದ ಸರೋವರ. ತೊರೆ ಇದ್ದರೆ ದಡದ ಹಳೆಯ ಮಣ್ಣು ಕೊಚ್ಚಿ ಬಂದು, ಹಳೆಯ ಪರಾಗ ಹೊಸ ಪದರಕ್ಕೆ ಸೇರಿಬಿಡುತ್ತದೆ. ನಡುವಿನ ಆಳದಲ್ಲಿ ಪಿಸ್ಟನ್ ಕೋರರ್‌ನಿಂದ, ಅಂದರೆ ಹೂಳನ್ನು ಪದರ ಕೆಡದಂತೆ ಕಂಬವಾಗಿ (ಕೋರ್) ಎತ್ತುವ ಕೊಳವೆಯಿಂದ, ಒಂದೊಂದು ಮೀಟರ್ ತೆಗೆಯುತ್ತೇನೆ. ಪಕ್ಕದಲ್ಲೇ ಇನ್ನೊಂದು ರಂಧ್ರ, ಮೊದಲನೆಯದಕ್ಕಿಂತ 50 ಸೆಂಟಿಮೀಟರ್ ವ್ಯತ್ಯಾಸದ ಆಳದಿಂದ ಶುರು. ಒಂದರ ತುಂಡುಗಳು ಕೂಡುವ ಜಾಗದಲ್ಲಿ ಹೂಳು ಕಳೆದುಹೋಗುವುದೇ ಹೆಚ್ಚು. ಇನ್ನೊಂದರ ನಡುಭಾಗ ಅದನ್ನು ತುಂಬಿಕೊಡುತ್ತದೆ. ಕೋರ್ ಹೊರಬಂದ ಕ್ಷಣವೇ ಮೇಲಿನ ತುದಿಗೆ ಗುರುತು ಹಾಕಬೇಕು. ತಲೆಕೆಳಗಾದ ಒಂದು ತುಂಡು ಇಡೀ ಇತಿಹಾಸವನ್ನೇ ತಿರುಗಿಸಿಬಿಡುತ್ತದೆ.

ಪ್ರತಿ ಮಾದರಿಗೆ 1 ಘನ ಸೆಂಟಿಮೀಟರ್ ಹೂಳು ಸಾಕು. ಅದಕ್ಕೆ ಬೀಜಕಗಳ ಸಂಖ್ಯೆ ಗೊತ್ತಿರುವ ಲೈಕೋಪೋಡಿಯಂ (ಹೂ ಬಿಡದ ಒಂದು ಸಸ್ಯ) ಮಾತ್ರೆಯನ್ನು ಎಣಿಕೆಯ ಅಳತೆಗೋಲಾಗಿ ಸೇರಿಸಿ, ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕುತ್ತೇನೆ. ಅವಸರ ಮಾಡಿದರೆ ನೊರೆ ಉಕ್ಕಿ ಬೀಜಕಗಳು ಹೊರಚೆಲ್ಲುತ್ತವೆ, ಲೆಕ್ಕ ಅಲ್ಲಿಗೇ ಕೆಟ್ಟಿತು. ಸುಣ್ಣದ ಅಂಶವೂ ಇಲ್ಲೇ ಹೋಗಬೇಕು, ಉಳಿದರೆ ಮುಂದೆ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೂರುತ್ತದೆ. ಆಮೇಲೆ ಕೊಳೆತ ಸಸ್ಯಾಂಶ ಬಿಡಿಸಲು ಬಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸುಮಾರು 10 ನಿಮಿಷ, ಜರಡಿ, ಮರಳಿನಂಶ ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ. ಇದು ಗಾಜನ್ನೇ ತಿನ್ನುವುದರಿಂದ ಪಾಲಿಪ್ರೊಪಿಲೀನ್ ನಳಿಕೆಯೇ ಬೇಕು. ಚರ್ಮಕ್ಕೆ ತಾಗಿದರೆ ನೋವು ತಡವಾಗಿ ಗೊತ್ತಾಗಬಹುದು, ಗಾಯ ಆಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ನಾನು ಬಾಟಲಿಯ ಮುಚ್ಚಳ ತೆರೆಯುವುದಿಲ್ಲ. ಕೊನೆಗೆ ಅಸಿಟಾಲಿಸಿಸ್, ಅಂದರೆ ಉಳಿದ ಸಸ್ಯನಾರನ್ನು ಆಮ್ಲದಲ್ಲಿ ಕರಗಿಸುವುದು: ಅಸಿಟಿಕ್ ಅನ್‌ಹೈಡ್ರೈಡ್ 9 ಪಾಲು, ಗಂಧಕಾಮ್ಲ 1 ಪಾಲು. ಹನಿ ನೀರು ಉಳಿದಿದ್ದರೂ ಮಿಶ್ರಣ ಸಿಡಿಯುತ್ತದೆ, ಆದ್ದರಿಂದ ಅದಕ್ಕೆ ಮೊದಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆಯುವುದು ಕಡ್ಡಾಯ.

ಸಿಲಿಕೋನ್ ಎಣ್ಣೆಯಲ್ಲಿ ಸ್ಲೈಡ್ ಮಾಡಿ 400 ಪಟ್ಟು ಹಿಗ್ಗಿಸಿ ಎಣಿಸುತ್ತೇನೆ. ಮಾತ್ರೆಯಲ್ಲಿ 10,000 ಬೀಜಕಗಳಿದ್ದು, 400 ಪರಾಗ ಎಣಿಸುವಷ್ಟರಲ್ಲಿ 200 ಲೈಕೋಪೋಡಿಯಂ ಸಿಕ್ಕರೆ, ಘನ ಸೆಂಟಿಮೀಟರಿಗೆ 20,000 ಪರಾಗ. ಹೂಳು ವರ್ಷಕ್ಕೆ 0.05 ಸೆಂಟಿಮೀಟರ್ ಕೂತಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ ವರ್ಷಕ್ಕೆ 1,000. ಗಾಳಿಯ ಮೋಸ ಬಯಲಾಗುವುದು ಈ ಸಂಖ್ಯೆಯಲ್ಲಿ. ಸುತ್ತಲಿನ ಗಿಡಗಳು ಕಡಿಮೆಯಾದಾಗ ದೂರದ ಪೈನ್‌ನ ಶೇಕಡಾ ತಾನಾಗಿ ಏರುತ್ತದೆ, ಆದರೆ ಒಟ್ಟು ಪರಾಗ ಕುಸಿದಿರುತ್ತದೆ. ಎರಡೂ ಒಟ್ಟಿಗೆ ಏರಿದರೆ ಮಾತ್ರ ಕಾಡು ಮೇಲೆ ಬಂದಿತ್ತೇ ಎಂದು ಯೋಚಿಸುತ್ತೇನೆ. ಆಗಲೂ ಅದೇ ಪದರದಲ್ಲಿ ಸೂಜಿ ಎಲೆಯ ಚೂರೋ ಅದರ ಪತ್ರರಂಧ್ರವೋ ಸಿಗಬೇಕು. ಎಲೆ ಪರಾಗದಷ್ಟು ದೂರ ಹಾರುವುದಿಲ್ಲ.

ಈ ಲೆಕ್ಕ ನಿಂತಿರುವುದು ಕಾಲದ ಮೇಲೆ. ಕಾರ್ಬನ್-14ಕ್ಕೆ ನೆಲದ ಗಿಡಗಳ ಎಲೆ, ಬೀಜಗಳನ್ನೇ ಹೆಕ್ಕಬೇಕು. ಸುಣ್ಣಕಲ್ಲಿನ ನೆಲದಲ್ಲಿ ನೀರಿನ ಸಸ್ಯಗಳು ಕಲ್ಲಿನಿಂದ ಕರಗಿದ ಹಳೆಯ ಇಂಗಾಲ ಹೀರಿ, ವಯಸ್ಸನ್ನು ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ತಳ್ಳುತ್ತವೆ. ವಯಸ್ಸು ತಪ್ಪಿದರೆ ಹೂಳು ಕೂತ ವೇಗ ತಪ್ಪು, ವಾರ್ಷಿಕ ಪರಾಗವೂ ತಪ್ಪು.

ತಾಪಮಾನ ಬರುವುದು ಕೊನೆಗೆ. ಎತ್ತರ 100 ಮೀಟರ್ ಹೆಚ್ಚಿದಂತೆ ಸುಮಾರು 0.6 ಡಿಗ್ರಿ ತಂಪಾಗುತ್ತದೆಂದು ಹಿಡಿದರೆ, ಕಾಡಿನ ಮೇಲಂಚು 200 ಮೀಟರ್ ಏರಿದ್ದಕ್ಕೆ ಬೆಳೆಯುವ ಋತುವಿನಲ್ಲಿ 1.2 ಡಿಗ್ರಿ ಹೆಚ್ಚಳ. ಹಿಮಯುಗದ ಪದರಗಳಿಗೆ ಈ ಸೂತ್ರವನ್ನು ನೇರವಾಗಿ ಹಚ್ಚಬಾರದು. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ 190ರ ಆಸುಪಾಸಿನಲ್ಲಿತ್ತು. ಅಷ್ಟು ಕಡಿಮೆಯಾದಾಗ ಮರ ಹೆಚ್ಚು ನೀರು ಕಳೆದುಕೊಳ್ಳುತ್ತದೆ, ಕಾಡು ಚಳಿಯೊಂದರಿಂದಲೇ ಕೆಳಗಿಳಿದಿರುವುದಿಲ್ಲ. ಮೇಲಿನ ಪದರಗಳಲ್ಲಿ ತೊಡಕು ಬೇರೆ: ಮೇಯಿಸುವಿಕೆ ಮತ್ತು ಬೆಂಕಿ. ಸಗಣಿಯ ಮೇಲೆ ಬೆಳೆಯುವ ಶಿಲೀಂಧ್ರದ ಬೀಜಕ, ಇದ್ದಿಲ ಕಣ, ಧಾನ್ಯದ ಪರಾಗ ಒಟ್ಟಿಗೆ ಹೆಚ್ಚಿರುವಲ್ಲಿ ಕಾಡಿನಂಚು ಇಳಿದದ್ದನ್ನು ನಾನು ಡಿಗ್ರಿಗೆ ಇಳಿಸದೆ, ಬರೀ ಎತ್ತರವನ್ನಷ್ಟೇ ಬರೆದಿಡುತ್ತೇನೆ.