ಕೊಡಗಿನ ಏರುತಗ್ಗಿನಲ್ಲಿ ಸೈಕಲ್ ಜಿಪಿಎಸ್: ಲೆಕ್ಕ ತಪ್ಪದಂತೆ ಹೊಂದಿಸುವ ಬಗೆ

ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿ.ಮೀ. ಏರು. ಇಬ್ಬರು ಜೊತೆಯಲ್ಲೇ ಹತ್ತಿದರೂ ಮೇಲೆ ತಲುಪಿದಾಗ ಇಬ್ಬರ ಸೈಕಲ್ ಕಂಪ್ಯೂಟರಿನಲ್ಲೂ (ಹ್ಯಾಂಡಲ್‌ಬಾರಿಗೆ ಕೂರಿಸುವ ಜಿಪಿಎಸ್ ಯಂತ್ರ) ದೂರ ಬೇರೆ, ಎತ್ತರ ಬೇರೆ ಇರುವುದುಂಟು. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಕಂಪನಿಯಿಂದ ಬರುವಾಗ ಅದರ ಸೆಟ್ಟಿಂಗ್ ಬಯಲು ಆಕಾಶಕ್ಕೆ, ನೇರ ರಸ್ತೆಗೆ ಹೊಂದುವಂತಿರುತ್ತದೆ. ಇಲ್ಲಿ ರಸ್ತೆಯ ಮೇಲೆ ಮರಗಳ ಚಪ್ಪರ, ಕೂಗಳತೆಗೊಂದು ತಿರುವು, ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ಈ ಮೂರಕ್ಕೂ ಯಂತ್ರವನ್ನು ಒಗ್ಗಿಸಿಕೊಂಡರೆ ಅಂಕಿಗಳನ್ನು ನಂಬಬಹುದು. ಗಾರ್ಮಿನ್, ವಾಹೂ, ಬ್ರೈಟನ್ ಯಾವ ಕಂಪನಿಯದೇ ಇರಲಿ, ಮೆನುವಿನ ಹೆಸರು ಬೇರೆಯಾದರೂ ಕೆಲಸ ಒಂದೇ.

ಯಂತ್ರವನ್ನು ಹ್ಯಾಂಡಲ್‌ಬಾರಿನ ಮುಂದಕ್ಕೆ ಚಾಚಿದ ಮೌಂಟಿನಲ್ಲಿ, ಪರದೆ ಆಕಾಶ ನೋಡುವಂತೆ ಕೂರಿಸಿ. ಜೇಬಿನಲ್ಲೋ ಬ್ಯಾಗಿನಲ್ಲೋ ಇಟ್ಟರೆ ಸಿಗ್ನಲ್ ಅರ್ಧ ಅಲ್ಲೇ ಸಾಯುತ್ತದೆ. ಕಾಲು ಸುತ್ತು ತಿರುಗಿಸಿ ಕೂರಿಸುವ ಮೌಂಟಾದರೆ ಕೊನೆಯಲ್ಲಿ ‘ಟಕ್’ ಎನ್ನುವವರೆಗೆ ತಿರುಗಿಸಿ. ಮಳೆಗಾಲ ಮುಗಿದ ಮೇಲಿನ ಗುಂಡಿ ರಸ್ತೆಯಲ್ಲಿ ಅದು ಹಾರಿ ಬೀಳುವುದು ಸಾಮಾನ್ಯ. ಜೊತೆಗೆ ಬರುವ ಸಣ್ಣ ದಾರವನ್ನು ಹ್ಯಾಂಡಲ್‌ಬಾರಿಗೆ ಕಟ್ಟಿಯೇ ಹೊರಡಿ.

ಇನ್ನು ಉಪಗ್ರಹ. ಸ್ಥಾನ ಗೊತ್ತಾಗಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಪ್ರತಿಯೊಂದೂ ತಾನೆಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಪೂರ್ತಿ ಕಳಿಸುತ್ತದೆ. ನಡುವೆ ಮರ ಅಡ್ಡ ಬಂದು ತುಂಡಾದರೆ ಮುಂದಿನ ಸರದಿಗೆ ಕಾಯಬೇಕು. ಹಾಗಾಗಿ ತೋಟದ ಮನೆಯ ಗೇಟಿನಲ್ಲಿ, ಮರದಡಿ ಆನ್ ಮಾಡಿ ತಕ್ಷಣ ತುಳಿಯಲು ಶುರುಮಾಡಿದರೆ ಮ್ಯಾಪಿನಲ್ಲಿ ನಿಮ್ಮ ದಾರಿಯ ಗೆರೆ ಮೊದಲ ಒಂದೆರಡು ಕಿ.ಮೀ. ಅಡ್ಡಾದಿಡ್ಡಿ ಬರುತ್ತದೆ. ಬಯಲಿನಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ, ಸಿಗ್ನಲ್ ಸಿಕ್ಕಿತು ಎಂದು ತೋರಿಸಿದ ಮೇಲೆ ಸ್ಟಾರ್ಟ್ ಒತ್ತಿ. ಹಿಂದಿನ ರಾತ್ರಿ ಫೋನಿಗೋ ವೈಫೈಗೋ ಜೋಡಿಸಿ ಸಿಂಕ್ ಮಾಡಿದ್ದರೆ ಉಪಗ್ರಹಗಳ ಮುಂದಿನ ದಿನಗಳ ಲೆಕ್ಕ ಮೊದಲೇ ಇಳಿದಿರುತ್ತದೆ, ಕಾಯುವ ಸಮಯವೂ ಕಡಿಮೆಯಾಗುತ್ತದೆ.

ಸೆಟ್ಟಿಂಗಿನಲ್ಲಿ ಜಿಪಿಎಸ್ ಒಂದನ್ನೇ ನೆಚ್ಚದೆ, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಉಪಗ್ರಹಗಳೂ ಸೇರುವ ಆಯ್ಕೆ ಹಾಕಿ. ಎರಡು ಬ್ಯಾಂಡಿನ (ಎರಡು ತರಂಗಾಂತರದಲ್ಲಿ ಸಿಗ್ನಲ್ ಹಿಡಿಯುವ) ಸೌಲಭ್ಯ ಇದ್ದರೆ ಇಲ್ಲಿ ಅದು ಐಷಾರಾಮವಲ್ಲ, ಅಗತ್ಯ. ಬ್ಯಾಟರಿ ಬೇಗ ಇಳಿಯುತ್ತದೆ ನಿಜ, ಆದರೆ ಸಿಲ್ವರ್ ಓಕ್ ಸಾಲಿನ ನಡುವೆ, ಒಂದು ಕಡೆ ಧರೆ ಎದ್ದ ರಸ್ತೆಯಲ್ಲಿ ಸಿಗ್ನಲ್ ಗುಡ್ಡಕ್ಕೆ ತಾಗಿ ತಿರುಗಿ ಬರುತ್ತದೆ. ಆ ಪ್ರತಿಫಲನವನ್ನು ಬೇರ್ಪಡಿಸಲು ಎರಡು ಬ್ಯಾಂಡ್ ನೆರವಾಗುತ್ತದೆ. ಮಳೆ ಹನಿಯಿಂದ ಸಿಗ್ನಲಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಸಿಗ್ನಲ್ ಹೀರುವುದು ನೆಂದ ಎಲೆ.

ನೀವಿರುವ ಜಾಗದ ಚುಕ್ಕೆ ದಾಖಲಿಸುವ ರೀತಿಯನ್ನು ‘ಸ್ಮಾರ್ಟ್’ನಿಂದ (ಯಂತ್ರಕ್ಕೆ ಬೇಕೆನಿಸಿದಾಗ ಮಾತ್ರ ಚುಕ್ಕೆ) ಪ್ರತಿ ಸೆಕೆಂಡಿಗೆ ಬದಲಿಸಿ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ಗಂಟೆಗೆ 36 ಕಿ.ಮೀ. ವೇಗವಿದ್ದರೆ ಸೆಕೆಂಡಿಗೆ 10 ಮೀಟರ್ ಸಾಗುತ್ತೀರಿ. ಐದು ಸೆಕೆಂಡಿಗೊಂದು ಚುಕ್ಕೆ ಬಿದ್ದರೆ ನಡುವೆ 50 ಮೀಟರ್. ತಿರುವು ಇಡೀ ಮಾಯವಾಗಿ ಗೆರೆ ಕಣಿವೆಯ ಮೇಲೆ ಹಾರಿದಂತೆ ಕಾಣುತ್ತದೆ. ಆ ಗೆರೆಯಿಂದ ದೂರ ಅಳೆಯುವ ಆ್ಯಪ್ ಕಡಿಮೆಯೇ ತೋರಿಸುತ್ತದೆ.

ಚಕ್ರದ ಅಳತೆ

ಮರದ ನೆರಳಿನಲ್ಲಿ ನಂಬಬಹುದಾದ ದೂರ ಬೇಕೆಂದರೆ ಚಕ್ರದ ನಡುವಿನ ಹಬ್‌ಗೆ ಕಟ್ಟುವ ಸ್ಪೀಡ್ ಸೆನ್ಸರ್ ಬೇಕೇ ಬೇಕು. ಪೆಡಲ್ ಸುತ್ತು ಎಣಿಸುವ ಕ್ಯಾಡೆನ್ಸ್ ಸೆನ್ಸರ್, ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಎಲ್ಲ ಆಮೇಲೆ. ದುಡ್ಡು ಒಂದಕ್ಕೇ ಇದ್ದರೆ ಇದಕ್ಕೆ ಹಾಕಿ. ಸೆನ್ಸರ್ ಎಣಿಸುವುದು ಸುತ್ತುಗಳನ್ನು. ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್ ಎಂದು ನಾವು ಹೇಳಿಕೊಡಬೇಕು. ಯಂತ್ರ ತಾನಾಗಿ ಜಿಪಿಎಸ್ ನೋಡಿ ಅಳತೆ ಹಾಕಿಕೊಳ್ಳುವ ಆಯ್ಕೆಯೂ ಇರುತ್ತದೆ. ತೋಟದ ದಾರಿಯಲ್ಲಿ ಅದು ತಪ್ಪಿನ ಮೇಲೆ ತಪ್ಪು ಕಟ್ಟುತ್ತದೆ. ಅದನ್ನು ತೆಗೆದು ಕೈಯಿಂದ ನಮೂದಿಸಿ.

ಅಳೆಯಲು ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ. ಟಯರಿಗೆ ನೀವು ದಿನವೂ ಹಾಕುವಷ್ಟೇ ಗಾಳಿ ಹಾಕಿ. ಸೆನ್ಸರ್ ಇರುವ ಚಕ್ರದ ವಾಲ್ವನ್ನು ನೇರ ಕೆಳಗೆ ತಂದು, ಅದರಡಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸೈಕಲ್ ಮೇಲೆ ಕುಳಿತು, ಯಾರಾದರೂ ಪಕ್ಕದಲ್ಲಿ ಹಿಡಿದುಕೊಂಡಿರುವಾಗ, ನೇರವಾಗಿ ಮೂರು ಸುತ್ತು ಮುಂದೆ ಸಾಗಿ. ವಾಲ್ವ್ ಮತ್ತೆ ಕೆಳಗೆ ಬಂದ ಕಡೆ ಇನ್ನೊಂದು ಗೆರೆ. ನಡುವಿನ ದೂರವನ್ನು ಟೇಪಿನಲ್ಲಿ ಮಿಲಿಮೀಟರಿಗೆ ಅಳೆದು ಮೂರರಿಂದ ಭಾಗಿಸಿ. ಮೇಲೆ ಕುಳಿತೇ ಅಳೆಯಬೇಕು, ಏಕೆಂದರೆ ಭಾರಕ್ಕೆ ಟಯರ್ ಅಮುಕಿ ಸುತ್ತು ಕೆಲವು ಮಿಲಿಮೀಟರ್ ಕಿರಿದಾಗುತ್ತದೆ. 700×28 (28 ಮಿ.ಮೀ. ದಪ್ಪದ) ಟಯರಿಗೆ ಟಯರ್ ಅಳತೆಯ ಕೋಷ್ಟಕದಲ್ಲಿ 2136 ಮಿ.ಮೀ., 700×23ಕ್ಕೆ 2096 ಎಂದಿರುತ್ತದೆ. ದಪ್ಪ ಟಯರ್ ಹಾಕಿಸಿ ಹಳೆಯ 2096 ಅನ್ನೇ ಬಿಟ್ಟರೆ 100 ಕಿ.ಮೀ.ಗೆ ಸುಮಾರು 1.9 ಕಿ.ಮೀ. ಕಡಿಮೆ ಬರುತ್ತದೆ. ಟಯರ್ ಬದಲಿಸಿದಾಗಲೆಲ್ಲ ಕಣಕ್ಕೆ ಹೋಗಿ.

ಹೊಸ ಸೆನ್ಸರ್ ಯಂತ್ರಕ್ಕೆ ಕಾಣಿಸುತ್ತಿಲ್ಲವೆಂದರೆ ಮೊದಲು ಅದರೊಳಗಿನ ನಾಣ್ಯದಂಥ ಸಿಆರ್ 2032 ಬ್ಯಾಟರಿಯ ಕೆಳಗಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿ ನೋಡಿ. ಸೆನ್ಸರನ್ನು ಫೋನ್ ಹಿಡಿದುಕೊಂಡಿದ್ದರೆ ಸೈಕಲ್ ಕಂಪ್ಯೂಟರಿಗೆ ಅದು ಕಾಣದೇ ಇರಬಹುದು.

ನಿಂತಾಗ ಎಣಿಕೆಯನ್ನು ತಾನಾಗಿ ನಿಲ್ಲಿಸುವ ‘ಆಟೊ ಪಾಜ್’ ಬಗ್ಗೆ ಒಂದು ಮಾತು. ಸೆನ್ಸರ್ ಇಲ್ಲದೆ ಮಾಂದಲಪಟ್ಟಿಯಂಥ ಕಡಿದಾದ ಏರಿನಲ್ಲಿ ಗಂಟೆಗೆ 5 ಕಿ.ಮೀ. ವೇಗದಲ್ಲಿ ಹತ್ತುವಾಗ, ಯಂತ್ರ ನೀವು ನಿಂತಿದ್ದೀರಿ ಎಂದುಕೊಂಡು ಎಣಿಕೆ ನಿಲ್ಲಿಸಬಹುದು. ಆಗ ಬೆವರು ಸುರಿಸಿದ ನಿಮಿಷಗಳು ಲೆಕ್ಕಕ್ಕೇ ಬರುವುದಿಲ್ಲ. ಘಾಟಿಗೆ ಹೊರಟ ದಿನ ಅದನ್ನು ಆಫ್ ಮಾಡಿ, ಇಲ್ಲವೇ ಮಿತಿಯನ್ನು 3 ಕಿ.ಮೀ.ಗೆ ಇಳಿಸಿ.

ಎತ್ತರ

ಒಳ್ಳೆಯ ಯಂತ್ರಗಳು ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತವೆ. ನಮ್ಮ ಎತ್ತರದಲ್ಲಿ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿದರೆ ಯಂತ್ರ 9–10 ಮೀಟರ್ ಮೇಲೇರಿದಂತೆ ಓದುತ್ತದೆ. ಆದರೆ ನಮ್ಮಂಥ ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ 10ರ ಹೊತ್ತಿಗೆ ಹೆಚ್ಚಿದ್ದು ಸಂಜೆ 4ರ ಹೊತ್ತಿಗೆ ದಿನವೂ ಸುಮಾರು 3 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಅಂದರೆ ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬಂದಾಗ ಮನೆಯಂಗಳವೇ 30 ಮೀಟರ್ ಮೇಲೆದ್ದಂತೆ ಕಂಡರೆ ಗಾಬರಿ ಬೇಡ. ಹೊರಡುವ ಮುನ್ನ ಗೊತ್ತಿರುವ ಎತ್ತರವನ್ನು ಕೈಯಿಂದ ಹಾಕುವುದೇ ಮದ್ದು. ಬೇರೆ ಜಿಲ್ಲೆಗಳಲ್ಲಿ ರೈಲ್ವೆ ನಿಲ್ದಾಣದ ಹಳದಿ ಫಲಕ ನೋಡಿದರೆ ಎತ್ತರ ಬರೆದಿರುತ್ತದೆ. ಕೊಡಗಿನಲ್ಲಿ ರೈಲೇ ಇಲ್ಲ. ಭೂಪಟದಲ್ಲಿ ಮನೆಯ ಎತ್ತರ ಒಮ್ಮೆ ನೋಡಿ ಯಂತ್ರದಲ್ಲಿ ಉಳಿಸಿಡಿ. ತಲಕಾವೇರಿಯ ಎತ್ತರ 1,276 ಮೀಟರ್, ಮೇಲೆ ತಲುಪಿದಾಗ ತಾಳೆ ನೋಡಲು ಅನುಕೂಲ.

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಎತ್ತರ ಒಂದೇ ಅಂಕಿಯಲ್ಲಿ ನಿಂತುಬಿಟ್ಟರೆ, ಯಂತ್ರದ ತಳದಲ್ಲಿರುವ ಒತ್ತಡದ ಸಣ್ಣ ರಂಧ್ರಕ್ಕೆ ನೀರೋ ಕೆಸರೋ ಕೂತಿದೆ ಎಂದರ್ಥ. ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಆರಿಸಿ. ಪಿನ್ನು ಚುಚ್ಚಬೇಡಿ, ಪಂಪಿನಿಂದ ಗಾಳಿ ಊದಬೇಡಿ. ಒಳಗಿನ ತೆಳು ಪೊರೆ ಹರಿದರೆ ಯಂತ್ರವೇ ಹೋದಂತೆ. ಯಂತ್ರದ ವಿವರದಲ್ಲಿ ಐಪಿಎಕ್ಸ್ 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು, ಆದರೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರಬೇಕು. ಒದ್ದೆ ತೂತಿಗೆ ಕೇಬಲ್ ಹಾಕಿದರೆ ಒಳಗಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಮನೆಗೆ ಬಂದ ದಿನವೇ ಒರೆಸಿ, ಪೂರ್ತಿ ಒಣಗಿದ ಮೇಲೆ ಚಾರ್ಜಿಗೆ ಹಾಕಿಬಿಡಿ.

ಯಂತ್ರದಲ್ಲಿ ದಾರಿ ಹಾಕಿಕೊಂಡು ಹೋಗುವವರು ಮ್ಯಾಪನ್ನೂ ದಾರಿಯ ಫೈಲನ್ನೂ ಮನೆಯಲ್ಲೇ ಇಳಿಸಿಕೊಳ್ಳಿ. ಮಾಕುಟ್ಟದ ಕಾಡಿನಲ್ಲಿ ಫೋನ್ ಸಿಗ್ನಲ್ ನೆಚ್ಚಿಕೊಂಡು ಹೋಗಬೇಡಿ. ಸಿಗ್ನಲ್ ಇಲ್ಲದ ಕಡೆ, ನೀವಿರುವ ಜಾಗವನ್ನು ಮನೆಯವರ ಫೋನಿನಲ್ಲಿ ಚುಕ್ಕೆಯಾಗಿ ತೋರಿಸುವ ಲೈವ್ ಟ್ರ್ಯಾಕಿಂಗ್ ನಿಂತುಹೋಗುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಚುಕ್ಕೆ ಅಲ್ಲಾಡಲಿಲ್ಲವೆಂದು ಹುಡುಕಿಕೊಂಡು ಬರುತ್ತಾರೆ. ತಾನಾಗಿ ದಾರಿ ಹುಡುಕುವ ಆ್ಯಪ್‌ಗಳು ತೋಟದ ಖಾಸಗಿ ರಸ್ತೆಗೂ ನುಗ್ಗಿಸುತ್ತವೆ. ಉಪಗ್ರಹ ಚಿತ್ರದಲ್ಲಿ ಗೇಟು ಕಾಣುತ್ತದೆಯೇ ನೋಡಿ. ತಿತಿಮತಿ, ಸಿದ್ದಾಪುರ ಕಡೆ ಆನೆ ರಸ್ತೆಗೆ ಬರುತ್ತದೆ. ಅಲ್ಲಿ ಬೆಳಕು ಹರಿದ ಮೇಲೆ ಹೊರಡಿ, ಪರದೆಯಲ್ಲಿ ವೇಗ ಮತ್ತು ದೂರ ಎರಡೇ ಇಟ್ಟುಕೊಂಡು ಕಣ್ಣು ರಸ್ತೆಯ ಮೇಲಿರಲಿ.

ಸವಾರಿ ಮುಗಿದ ಕೂಡಲೇ ಸ್ಟಾಪ್ ಒತ್ತಿ, ಸೇವ್ ಮಾಡಿ, ಆಮೇಲೆ ಸೈಕಲನ್ನು ಕಾರಿಗೆ ಏರಿಸಿ. ಮರೆತರೆ ಕಾರಿನ 60 ಕಿ.ಮೀ. ವೇಗವೂ ನಿಮ್ಮ ಖಾತೆಗೆ ಸೇರುತ್ತದೆ. ಆಗ ಆ್ಯಪಿನಲ್ಲಿ ಬಾಲ ಕತ್ತರಿಸುವ ಆಯ್ಕೆ ಬಳಸಿ. ದಾರಿಯಲ್ಲಿ ಬ್ಯಾಟರಿ ಸತ್ತರೆ ಅಷ್ಟರವರೆಗಿನ ದಾಖಲೆ ಸಾಮಾನ್ಯವಾಗಿ ಉಳಿದಿರುತ್ತದೆ. ಪವರ್‌ ಬ್ಯಾಂಕಿಗೆ ಹಾಕಿ ಆನ್ ಮಾಡಿದಾಗ ಹಳೆಯ ಸವಾರಿ ಮುಂದುವರಿಸಬೇಕೇ ಎಂದು ಕೇಳಿದರೆ ಹೌದು ಎನ್ನಿ. ಅವಸರದಲ್ಲಿ ಅಳಿಸುವ ಗುಂಡಿ ಒತ್ತಿದರೆ ಆ ಫೈಲು ಮರಳಿ ಸಿಗುವುದು ಕಷ್ಟ. ಹಂಚಿಕೊಳ್ಳುವವರು ಮನೆಯ ಸುತ್ತಲಿನ ಭಾಗ ಮರೆಯಾಗುವಂತೆ ಆ್ಯಪಿನಲ್ಲಿ ಖಾಸಗಿ ವಲಯ ಹಾಕಿ. ಒಂಟಿ ಮನೆಗಳ ಊರಿನಲ್ಲಿ ಗೆರೆಯ ತುದಿ ನೇರ ಬಾಗಿಲಿಗೇ ತಂದು ನಿಲ್ಲಿಸುತ್ತದೆ.