ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ: ಮಕ್ಕಳ ಪ್ರಕೃತಿ ಬಳಗ ಕಟ್ಟುವುದು ಹೇಗೆ?

ಮಕ್ಕಳಿಗೆ ಹಕ್ಕಿ, ಹುಳು, ಮರಗಳನ್ನು ತೋರಿಸಬೇಕೆಂಬ ಆಸೆ ಅನೇಕರಿಗಿದೆ. ‘ನನಗೇ ಹತ್ತು ಹಕ್ಕಿಗಳ ಹೆಸರು ಬಾರದು, ಏನೆಂದು ಕಲಿಸಲಿ?’ ಎಂಬ ಅಳುಕು ಅವರನ್ನು ತಡೆಯುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೆಲವು ವರ್ಷಗಳಿಂದ ಮಕ್ಕಳೊಡನೆ ನಡೆಯುತ್ತಿರುವ ನನಗೆ ಒಂದು ಮಾತು ಖಚಿತವಾಗಿದೆ. ಹೆಸರುಗಳು ತಡವಾಗಿ ಬಂದರೂ ನಡೆಯುತ್ತದೆ; ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಹಟ ಮಾತ್ರ ಮೊದಲ ದಿನದಿಂದಲೇ ಬೇಕು.

ಮೊದಲು ಜಾಗ

ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಜಾಗ ಹುಡುಕಿ. ಕೆರೆ, ಉದ್ಯಾನ, ಶಾಲೆಯ ಹಿಂದಿನ ಬಯಲು, ಯಾವುದಾದರೂ ಆದೀತು. ಬಂಡೀಪುರಕ್ಕೆ ವರ್ಷಕ್ಕೊಮ್ಮೆ ಹೋಗುವುದಕ್ಕಿಂತ ಬೀದಿಯ ಕೊನೆಯ ಹೊಂಗೆ ಮರದ ಕೆಳಗೆ ವರ್ಷಕ್ಕೆ ನಲವತ್ತು ಸಲ ನಿಲ್ಲುವುದು ಮೇಲು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ, ಆ ಯೋಚನೆಯೇ ಬೇಡ.

ಮಕ್ಕಳನ್ನು ಕರೆದೊಯ್ಯುವ ಮುನ್ನ ಮೂರು ಸಲ ಒಬ್ಬರೇ, ಅದೇ ಹೊತ್ತಿಗೆ ಹೋಗಿ ಬನ್ನಿ. ಗೇಟು ಯಾವಾಗ ತೆರೆಯುತ್ತದೆ, ಶೌಚಾಲಯ ಎಲ್ಲಿದೆ, ಯಾವ ಮೆಟ್ಟಿಲು ಪಾಚಿಗಟ್ಟಿದೆ, ಯಾವ ಕೊಂಬೆಯಲ್ಲಿ ಹೆಜ್ಜೇನು ಕಟ್ಟಿದೆ ಎಂಬುದನ್ನೆಲ್ಲ ಬರೆದುಕೊಳ್ಳಿ. ಉದ್ಯಾನ ಅಥವಾ ಕೆರೆಯ ಉಸ್ತುವಾರಿ ಇರುವ ಕಚೇರಿಗೆ ಒಂದು ಪತ್ರ ಕೊಟ್ಟರೆ ಕಾವಲುಗಾರರೂ ನಿಮ್ಮವರಾಗುತ್ತಾರೆ.

ಎಷ್ಟು ಮಕ್ಕಳು, ಎಷ್ಟು ಹಿರಿಯರು

ಎಂಟರಿಂದ ಹನ್ನೆರಡು ವಯಸ್ಸಿನ ಹನ್ನೆರಡು ಮಕ್ಕಳು ಸಾಕು. ಅವರಿಗೆ ಮೂವರು ಹಿರಿಯರು: ಮುಂದೊಬ್ಬರು, ಹಿಂದೊಬ್ಬರು, ನಡುವೆ ಒಬ್ಬರು. ನೀರಿನಂಚಿನಲ್ಲಿ ನಿಂತಾಗ ನೀರು ಮತ್ತು ಮಕ್ಕಳ ನಡುವೆ ಸದಾ ಒಬ್ಬ ಹಿರಿಯರು ಇರಲೇಬೇಕು. ಇನ್ನೊಂದು ನಿಯಮವನ್ನು ಎಷ್ಟೇ ಪರಿಚಯದವರಾದರೂ ಸಡಿಲಿಸಬೇಡಿ. ಯಾವ ಹಿರಿಯರೂ ಯಾವ ಮಗುವಿನೊಂದಿಗೂ ಎಲ್ಲರ ಕಣ್ಣಿಗೆ ಮರೆಯಾಗಿ ಒಂಟಿಯಾಗಿ ಇರಕೂಡದು. ಇದನ್ನು ಮೊದಲ ಸಭೆಯಲ್ಲೇ ತಂದೆತಾಯಿಯರ ಎದುರು ಸ್ಪಷ್ಟವಾಗಿ ಹೇಳಿ. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮಗುವಿಗೆ ಉಬ್ಬಸ ಇದೆಯೇ, ಜೇನು ಅಥವಾ ಇರುವೆ ಕಚ್ಚಿದರೆ ಮೈ ಊದುತ್ತದೆಯೇ, ಯಾವ ಔಷಧ ಎಂದು ಕೇಳಿ, ದೂರವಾಣಿ ಸಂಖ್ಯೆಗಳ ಜೊತೆ ಕಾಗದದ ಮೇಲೆ ಬರೆದು ಚೀಲದಲ್ಲಿಡಿ. ಮೊಬೈಲ್ ಬ್ಯಾಟರಿಯನ್ನು ನಂಬಬೇಡಿ.

ಚೀಲದಲ್ಲಿ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ಭೂತಗನ್ನಡಿ, ಒಂದು ಸೀಟಿ ಇರಲಿ. ಸೀಟಿ ಕೇಳಿದೊಡನೆ ಎಲ್ಲರೂ ಇದ್ದಲ್ಲಿಯೇ ನಿಲ್ಲುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ದುರ್ಬೀನು ನಿಧಾನವಾಗಿ ಬರಲಿ.

ನಡಿಗೆ

ಮೊದಲ ಭಾನುವಾರ ನಾನು ಇಡೀ ಏರಿ ಸುತ್ತಿಸಿದೆ. ಮಕ್ಕಳು ದಣಿದರು, ಮಾತಾಡಿದರು, ಏನನ್ನೂ ನೋಡಲಿಲ್ಲ. ಮುಂದಿನ ವಾರ ಒಂದೇ ಎಕ್ಕದ ಗಿಡದ ಬಳಿ ಕುಳಿತೆವು. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಹುಳುವೊಂದು ಎಲೆ ಕತ್ತರಿಸುತ್ತಿತ್ತು. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಮುಂದಿನ ಭಾನುವಾರ ಹುಳು ಇರಲಿಲ್ಲ. ಪಕ್ಕದ ಎಲೆಯಡಿ ಹಸಿರು ಕೋಶವೊಂದು ತೂಗುತ್ತಿತ್ತು. ಅದರ ಮುಂದಿನ ವಾರ ಕೋಶ ಖಾಲಿ. ಚಿಟ್ಟೆ ಹೊರಬಂದದ್ದನ್ನು ಯಾರೂ ಕಾಣಲಿಲ್ಲ, ಆದರೆ ಖಾಲಿ ಕೋಶದ ಮುಂದೆ ಮಕ್ಕಳು ನಿಂತ ರೀತಿಯನ್ನು ನಾನು ಮರೆತಿಲ್ಲ. (ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ. ನೋಡಲಿ, ಕೀಳದಿರಲಿ.)

ಆದ್ದರಿಂದ ಒಂದೂವರೆ ಗಂಟೆಯ ನಡಿಗೆಯಲ್ಲಿ ಮೂರೇ ನಿಲ್ದಾಣಗಳಿರಲಿ. ಮೊದಲ ಐದು ನಿಮಿಷ ಎಲ್ಲರೂ ಕಣ್ಣು ಮುಚ್ಚಿ ಕುಳಿತು, ಕೇಳಿಸಿದ ಪ್ರತಿ ದನಿಗೂ ಒಂದು ಬೆರಳು ಮಡಚಲಿ. ಕುಟುರ ಹಕ್ಕಿಯ ‘ಕುಟ್ರೂ ಕುಟ್ರೂ’ ದಿನವೂ ಅಲ್ಲೇ ಇತ್ತೆಂಬುದು ಆಗ ತಿಳಿಯುತ್ತದೆ. ಮಾವಿನ ಮರದಲ್ಲಿ ಕೆಂಜಿಗ ಇರುವೆಗಳು ತಮ್ಮ ಮರಿಗಳ ರೇಷ್ಮೆಯಿಂದ ಎಲೆ ಹೊಲಿದು ಗೂಡು ಕಟ್ಟಿರುತ್ತವೆ. ಒಂದು ಗೂಡಿಗೆ ಇಪ್ಪತ್ತು ನಿಮಿಷ ಕೊಡಿ. ನೀರಿನ ಕಡೆ ಹೆಜ್ಜಾರ್ಲೆಯೂ ನೀರುಕಾಗೆಯೂ ಹೇಗೆ ಮೀನು ಹಿಡಿಯುತ್ತವೆ ಎಂದು ಹೋಲಿಸಿ ನೋಡಲಿ: ಒಂದು ಕೊಕ್ಕಿನ ಚೀಲದಲ್ಲಿ ಬಾಚುತ್ತದೆ, ಇನ್ನೊಂದು ಮುಳುಗಿ ಅಟ್ಟಿಸಿಕೊಂಡು ಹೋಗುತ್ತದೆ.

ಮಗು ಹೆಸರು ಕೇಳಿದಾಗ ತಿಳಿಯದಿದ್ದರೆ ‘ನನಗೂ ಗೊತ್ತಿಲ್ಲ ಮರಿ, ಬಾಲ ಹೇಗಿದೆ ನೋಡಿ ಹೇಳು’ ಎನ್ನಿ. ತಿಳಿದಿದ್ದರೂ ಕೆಲವೊಮ್ಮೆ ತಡೆದು ಹೇಳಿ. ಹೆಸರು ಸಿಕ್ಕೊಡನೆ ಮಗು ನೋಡುವುದನ್ನು ನಿಲ್ಲಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ಕು ಇರಲಿ. ಚಿತ್ರ ಚೆನ್ನಾಗಿರಬೇಕಿಲ್ಲ, ದಿನಾಂಕ ತಪ್ಪಬಾರದು.

ಮಾಡಬಾರದ್ದು

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯಬೇಡಿ, ಮರಿ ಸಾಕುವ ಹಕ್ಕಿಗೆ ಅದು ದೊಡ್ಡ ಕಿರುಕುಳ. ಗೂಡಿನ ಬಳಿ ಗುಂಪಾಗಿ ನಿಲ್ಲಬೇಡಿ. ಜೀವಂತವಾದ ಯಾವುದನ್ನೂ ಡಬ್ಬಿಯಲ್ಲಿ ಮನೆಗೆ ಒಯ್ಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಎಷ್ಟೋ ಜೀವಿಗಳನ್ನು ಹಿಡಿಯುವುದೇ ಅಪರಾಧ. ಹೆಜ್ಜೇನಿನ ಮರದ ಕೆಳಗೆ ಗದ್ದಲ, ಹೊಗೆ, ಸುಗಂಧ ಯಾವುದೂ ಕೂಡದು. ಕಲ್ಲು ಎತ್ತಿ ನೋಡುವ ಕೆಲಸ ಹಿರಿಯರದು. ಹಾವು ಕಡಿದರೆ ಗಾಯ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದನ್ನೂ ಮಾಡದೆ, ಮಗು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿಟ್ಟಿರಿ.

ಮೂರು ತಿಂಗಳಾದ ಮೇಲೆ

ಈಗ ಪ್ರತಿ ಮಗುವೂ ಒಂದೊಂದು ಮರವನ್ನು ತನ್ನದಾಗಿ ಆರಿಸಿಕೊಳ್ಳಲಿ. ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ವಾರಕ್ಕೊಮ್ಮೆ ಬರೆಯುತ್ತಾ ಹೋದರೆ ಅದನ್ನು ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ (ಸಾಮಾನ್ಯ ಜನರೇ ಮಾಹಿತಿ ಕೂಡಿಸುವ) ಯೋಜನೆಗೂ ಕಳಿಸಬಹುದು. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಗಣತಿಯಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಕನಿಷ್ಠ ಹದಿನೈದು ನಿಮಿಷ ಹಕ್ಕಿ ಎಣಿಸಿದರೂ ಆ ಪಟ್ಟಿ ಲೆಕ್ಕಕ್ಕೆ ಬರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದಾಗ ಬಳಗವನ್ನು ನಿಲ್ಲಿಸಬೇಡಿ. ಗುಡುಗು ಸಿಡಿಲು ಇದ್ದರೆ ಮಾತ್ರ ರಜೆ. ತುಂತುರಾದರೆ ಕೊಡೆ ಹಿಡಿದು ಹೊರಡಿ, ಬಸವನಹುಳುಗಳು ಹೊರಬರುವುದು ಆಗಲೇ. ಹದಿಮೂರು ದಾಟಿದ ಮಕ್ಕಳನ್ನು ‘ನೀನಿನ್ನು ದೊಡ್ಡವನಾದೆ’ ಎಂದು ಕಳಿಸಿಬಿಡಬೇಡಿ, ಸಣ್ಣವರನ್ನು ಅವರ ಕೈಗೆ ಒಪ್ಪಿಸಿ. ನಮ್ಮ ಬಳಗದ ಸೀಟಿ ಈಗ ಎಂಟನೇ ತರಗತಿಯ ಹುಡುಗಿಯೊಬ್ಬಳ ಕೊರಳಲ್ಲಿದೆ. ಹೊಸ ಮಕ್ಕಳು ಬಂದಾಗ ಅವಳು ಅವರನ್ನು ಮೊದಲು ಕರೆದೊಯ್ಯುವುದು ಆ ಎಕ್ಕದ ಗಿಡದ ಬಳಿಗೆ.