ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಹೆಸರು ಬರೆದ ದಿನಗಳು

2018ರ ಆಗಸ್ಟ್ 17ರ ಶುಕ್ರವಾರ ಮಧ್ಯಾಹ್ನ ನನ್ನನ್ನು ಗುಡ್ಡ ಕುಸಿದು ಮನೆ ಬಿಟ್ಟು ಬಂದವರಿಗಾಗಿ ಮಡಿಕೇರಿಯ ಸಭಾಭವನವೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರಕ್ಕೆ ನಿಯೋಜಿಸಿದರು. ನಾನು ಪ್ರೌಢಶಾಲೆಯ ಗಣಿತ ಶಿಕ್ಷಕ. ಜನಗಣತಿಗೆ, ಚುನಾವಣೆಗೆ ನಮ್ಮನ್ನು ಹೇಗೆ ಕರೆಯುತ್ತಾರೋ ಹಾಗೆಯೇ ಇದಕ್ಕೂ ಕರೆದಿದ್ದರು. ಊರಿನಲ್ಲಿ ವಿದ್ಯುತ್ ಇರಲಿಲ್ಲ, ಮೊಬೈಲ್ ಸಂಪರ್ಕ ಬಂದು ಬಂದು ಹೋಗುತ್ತಿತ್ತು. ಆದ್ದರಿಂದ ಆದೇಶವೂ ಬಾಯಿಮಾತಿನಲ್ಲೇ ತಲುಪಿತು. ಬಂದವರ ಹೆಸರು ಬರೆದುಕೊಂಡು ಸಾಮಾನಿನ ಲೆಕ್ಕ ಇಟ್ಟರೆ ಸಾಕು ಎಂದರು. ಇವೆರಡರಲ್ಲಿ ಸಾಮಾನಿನ ಲೆಕ್ಕವೇ ಕಷ್ಟದ್ದು ಎಂದುಕೊಂಡು ಒಳಗೆ ಹೋದೆ. ಹೆಸರು ಬರೆಯುವುದೇ ಕಷ್ಟದ್ದು ಎಂದು ತಿಳಿಯಲು ಒಂದು ರಾತ್ರಿ ಸಾಕಾಯಿತು.

ಆ ಹೊತ್ತಿಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮದೆನಾಡು, ಜೋಡುಪಾಲ ಈ ಎಲ್ಲ ಕಡೆಗಳಿಂದ ಗುಡ್ಡ ಕುಸಿದ ಸುದ್ದಿ ಬಂದಿತ್ತು. ಸೈನಿಕರೂ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರೂ ಊರಿನ ಯುವಕರೂ ಸೇರಿ ಜನರನ್ನು ಕಾಡುದಾರಿಯಲ್ಲಿ ಹಗ್ಗ ಹಿಡಿಸಿ ಕರೆತರುತ್ತಿದ್ದರು. ಜುಲೈ 9ರಂದು ಲಘುವಾಗಿ ಭೂಮಿ ಕಂಪಿಸಿತ್ತಾದ್ದರಿಂದ, ಎಲ್ಲಕ್ಕೂ ಅದೇ ಕಾರಣವೆಂದು ಕೇಂದ್ರದಲ್ಲಿದ್ದ ಬಹಳ ಮಂದಿ ನಂಬಿದ್ದರು. ಆದರೆ ನಮ್ಮ ಬೆಟ್ಟಗಳ ಮೈಯಲ್ಲಿ ಬಂಡೆಗಿಂತ ಮೇಲಿನ ಮಣ್ಣೇ ದಪ್ಪ. ಜೂನ್‌ನಿಂದ ಬಿಡದೆ ಸುರಿದ ಮಳೆಯಲ್ಲಿ ನೆನೆದು ಭಾರವಾಗಿದ್ದ ಆ ಮಣ್ಣು, ರಸ್ತೆಗೋ ಮನೆಗೋ ಹೋಂಸ್ಟೇಗೋ ನೆಟ್ಟಗೆ ಕಡಿದ ಕಡೆಗಳಲ್ಲಿ ಕೆಳಗಿನ ಆಸರೆಯಿಲ್ಲದೆ ಜರಿಯಿತು. ಹೀಗೆ ಇಳಿಜಾರನ್ನು ಕಡಿದದ್ದೇ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮುಂದೆ ಹೇಳಿದರು. ಮನೆಯ ಹಿಂದಿನ ಇಂಥ ಕಡಿದ ಮಣ್ಣಿನ ಗೋಡೆಯನ್ನು ನಾವು ಬರೆ ಎನ್ನುತ್ತೇವೆ. ಆ ವಾರ ಮಾತನಾಡಿದ ಪ್ರತಿಯೊಬ್ಬರ ಬಾಯಲ್ಲಿಯೂ ಬರೆ ಎಂಬ ಮಾತು ಒಂದಲ್ಲ ಒಂದು ಸಲ ಬಂದೇ ಬರುತ್ತಿತ್ತು.

ಮೊದಲ ರಾತ್ರಿ ಮೇಣದ ಬತ್ತಿಯ ಬೆಳಕಿನಲ್ಲಿ ಹೆಸರು, ಊರು, ಎಷ್ಟು ಜನ ಎಂಬ ಮೂರೇ ಕಾಲಂ ಹಾಕಿ ಬರೆದೆ. ಮರುದಿನ ಬೆಳಿಗ್ಗೆ ಆ ಪುಟಗಳಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ. ಕೆಲವರು ಬೆಳಗಾಗುವ ಮೊದಲೇ ನೆಂಟರ ಮನೆಗೆ ಹೊರಟುಹೋಗಿದ್ದರು. ಒಂದೇ ಹೆಸರಿನವರು ಒಂದೇ ಊರಿನಿಂದ ಮೂವರಿದ್ದರು. ಹುಡುಕಿಕೊಂಡು ಬಂದವರಿಗೆ ನಾನು ತೋರಿಸುತ್ತಿದ್ದ ಹೆಸರು ಅವರು ಕೇಳಿದ ವ್ಯಕ್ತಿಯದೇ ಹೌದೋ ಅಲ್ಲವೋ ಎಂದು ಹೇಳುವ ದಾರಿಯೇ ಇರಲಿಲ್ಲ. ಹೊಸ ಪುಸ್ತಕ ತೆಗೆದು ಮತ್ತೆ ಮೊದಲಿನಿಂದ ಬರೆಯಲು ಕುಳಿತೆ. ಈ ಸಲ ಮನೆತನದ ಹೆಸರು, ತೋಟದ ಅಥವಾ ಪೈಸಾರಿಯ (ಸರ್ಕಾರಿ ಜಾಗದ) ಹೆಸರು, ಜೊತೆಗಿಲ್ಲದ ಮನೆಮಂದಿ ಯಾರು, ಅವರನ್ನು ಕೊನೆಗೆ ನೋಡಿದ್ದು ಎಲ್ಲಿ, ದಿನವೂ ತೆಗೆದುಕೊಳ್ಳುವ ಔಷಧ ಯಾವುದು, ಕೈಯಲ್ಲಿರುವ ದಾಖಲೆ ಯಾವುದು ಎಂಬ ಕಾಲಂಗಳು ಸೇರಿದವು. ಕೇಂದ್ರ ಬಿಟ್ಟು ಹೋಗುವವರು ಎಲ್ಲಿಗೆ ಹೋಗುತ್ತಾರೆಂದು ಬರೆಸಿ ಸಹಿ ಮಾಡಿಯೇ ಹೋಗಬೇಕೆಂದು ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿದೆ.

ಜೊತೆಗಿಲ್ಲದವರ ಕಾಲಂ ಎಷ್ಟು ಮುಖ್ಯವೆಂದು ತೋರಿಸಿದ್ದು ಜೋಡುಪಾಲ. ಅಲ್ಲಿ ಮಂಗಳೂರು ಹೆದ್ದಾರಿ ಕಡಿದುಹೋದಾಗ ಕೆಲವರು ಮೇಲಕ್ಕೆ ಮಡಿಕೇರಿಯ ಕಡೆಗೆ ಓಡಿದ್ದರು, ಹೆಚ್ಚಿನವರು ಕೆಳಕ್ಕೆ ಸಂಪಾಜೆಯ ಕಡೆಗೆ ಇಳಿದಿದ್ದರು. ಸಾಮಾನ್ಯ ದಿನಗಳಲ್ಲಿ ಒಂದು ಗಂಟೆಯೊಳಗಿನ ದಾರಿ. ಈಗ ನಡುವೆ ರಸ್ತೆಯೇ ಇಲ್ಲ. ಸಂಪಾಜೆಯ ಕೇಂದ್ರದಲ್ಲಿ ನನ್ನ ಹಾಗೆಯೇ ಪುಸ್ತಕ ಹಿಡಿದಿದ್ದ ಇನ್ನೊಬ್ಬ ಶಿಕ್ಷಕರು ಪರಿಚಿತರಾಗಿದ್ದರು. ಮೂರನೆಯ ದಿನ ಸಂಜೆ ಸಿಗ್ನಲ್ ಸಿಗುವ ಮಹಡಿಯ ಮೆಟ್ಟಿಲ ಮೇಲೆ ನಿಂತು ನಾನು ನನ್ನ ಪಟ್ಟಿಯನ್ನು ಓದಿದೆ, ಅವರು ತಮ್ಮದನ್ನು ಓದಿದರು. ಕೆಳಗಿನ ಮೆಟ್ಟಿಲಲ್ಲಿ ಕುಳಿತು ಕೇಳುತ್ತಿದ್ದ ಹೆಂಗಸೊಬ್ಬರು ಒಂದು ಹೆಸರು ಬಂದಾಗ ಎದ್ದು ನಿಂತು, "ಮಾಷ್ಟ್ರೇ, ಕಾಲು ಕುಂಟುತ್ತಾರಾ ಕೇಳಿ" ಎಂದರು. ಕುಂಟುತ್ತಾರೆ ಎಂದು ಅತ್ತಲಿಂದ ಉತ್ತರ ಬಂತು. ಆಕೆ ಅಳಲಿಲ್ಲ, ಪುನಃ ಕುಳಿತು, ಅವರ ಹತ್ತಿರ ಕನ್ನಡಕ ಇದೆಯೇ ಎಂದು ಕೇಳಿಸಿದರು. ಅಂದಿನಿಂದ ಗುರುತಿನ ಚಿಹ್ನೆಗೂ ಒಂದು ಕಾಲಂ ಹಾಕಿದೆ.

ಔಷಧದ ಕಾಲಂ ತುಂಬಿಸುವುದು ಇನ್ನೂ ಕಷ್ಟವಾಯಿತು. ಚೀಟಿಯೂ ಮಾತ್ರೆಯೂ ಮಣ್ಣಿನಡಿ ಹೋದ ಮೇಲೆ ವಯಸ್ಸಾದವರಿಗೆ ನೆನಪಿದ್ದುದು ಇಷ್ಟೇ: ಬೆಳಿಗ್ಗೆ ಬಿಳಿಯದು, ರಾತ್ರಿ ಅರ್ಧ ಮುರಿದು ಗುಲಾಬಿ ಬಣ್ಣದ್ದು. ವೈದ್ಯರು ದಿನವೂ ಬರುತ್ತಿದ್ದರು, ಆದರೆ ಹಳೆಯ ಔಷಧ ಯಾವುದೆಂದು ತಿಳಿಯದೆ ಅವರಿಗೂ ತೊಡಕಾಗುತ್ತಿತ್ತು. ಕೊನೆಗೆ ಈ ಜನ ಸಾಮಾನ್ಯವಾಗಿ ಯಾವ ಔಷಧದ ಅಂಗಡಿಗೆ ಹೋಗುತ್ತಾರೆಂದು ಕೇಳಿ, ಅಂಗಡಿಯವರನ್ನೇ ಕೇಂದ್ರಕ್ಕೆ ಬರಮಾಡಿಕೊಂಡೆವು. ಮುಖ ನೋಡಿದೊಡನೆ ಅವರು ಮಾತ್ರೆಯ ಹೆಸರು ಹೇಳುತ್ತಿದ್ದರು, ವೈದ್ಯರು ರಕ್ತದೊತ್ತಡ ಪರೀಕ್ಷಿಸಿ ಬರೆದುಕೊಡುತ್ತಿದ್ದರು.

ಸಾಮಾನು ಬಂದದ್ದು ಅದರ ಪಾಡಿಗೆ. ಕುಶಾಲನಗರದ ಕಡೆಯ ದಾರಿಯಿಂದ ಮೈಸೂರು, ಬೆಂಗಳೂರುಗಳ ಲಾರಿಗಳು ಬರತೊಡಗಿದ ಎರಡೇ ದಿನಕ್ಕೆ ಅಕ್ಕಿ ಇಡಲು ಜಾಗವಿಲ್ಲದಂತಾಯಿತು. ಕೊಟ್ಟವರ ಮನಸ್ಸು ದೊಡ್ಡದೇ. ಆದರೆ ರವೆಯ ಜೊತೆ ಸಾಬೂನು ಒಂದೇ ಪೆಟ್ಟಿಗೆಯಲ್ಲಿ ಬಂದರೆ ಉಪ್ಪಿಟ್ಟು ಸಾಬೂನಿನ ವಾಸನೆ ಹೊಡೆಯುತ್ತದೆ, ಆ ಥಂಡಿಯಲ್ಲಿ ಬ್ರೆಡ್ಡಿಗೆ ಬೇಗ ಬೂಷ್ಟು ಹಿಡಿಯುತ್ತದೆ, ಹಳೆಯ ಸೀರೆಯ ಗಂಟುಗಳನ್ನು ಬಿಚ್ಚುವವರೂ ಇರುವುದಿಲ್ಲ. ಬೇಕಾಗಿದ್ದುದು ಸ್ವೆಟರು, ಒಳ ಉಡುಪು, ಸ್ಯಾನಿಟರಿ ಪ್ಯಾಡು, ಚಪ್ಪಲಿ, ಬಕೆಟು ಮತ್ತು ಟಾರ್ಚು. ಇದನ್ನು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಬಟ್ಟೆಯ ಗಂಟನ್ನು ತಂದವರೇ ಬಿಚ್ಚಿ ವಿಂಗಡಿಸಿಕೊಡಬೇಕೆಂದು ನಿಯಮ ಮಾಡಿದೆ. ಸಾಮಾನನ್ನು ದಾಸ್ತಾನಿಗೆ ಕೊಡಬೇಕೇ ಹೊರತು ಯಾರ ಕೈಗೂ ನೇರವಾಗಿ ಕೊಟ್ಟು ಫೋಟೊ ತೆಗೆಸಿಕೊಳ್ಳುವಂತಿಲ್ಲ ಎಂಬುದು ಇನ್ನೊಂದು ನಿಯಮ. ಅದರಿಂದ ಒಂದು ತಂಡದವರು ಸಿಟ್ಟಾಗಿ ಕಂಬಳಿಗಳ ಸಮೇತ ವಾಪಸು ಹೋದರು. ಕಂಬಳಿ ಹೋದದ್ದಕ್ಕೆ ಬೇಸರವಾಯಿತು, ಆದರೂ ನಿಯಮವನ್ನು ಸಡಿಲಿಸಲಿಲ್ಲ.

ಎರಡನೆಯ ವಾರ ಕಂದಾಯ ಇಲಾಖೆಯವರು ಪರಿಹಾರದ ಅರ್ಜಿಗಳೊಂದಿಗೆ ಬಂದಾಗ ದಾಖಲೆಯ ಕಾಲಂಗೆ ಬೆಲೆ ಬಂತು. ಆಗಿನ ವಿಪತ್ತು ಪರಿಹಾರ ನಿಯಮದಲ್ಲಿ ಒಂದು ಕುಟುಂಬಕ್ಕೆ ಬಟ್ಟೆಗೆ 1,800, ಪಾತ್ರೆ ಪಗಡಿಗೆ 2,000, ಹೀಗೆ ಒಟ್ಟು 3,800 ರೂಪಾಯಿ. ಗುಡ್ಡಗಾಡು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1,01,900 ರೂಪಾಯಿ. ಆದರೆ ಮನೆ ಯಾರದು? ಜಮ್ಮಾ ಭೂಮಿ ಎಂದರೆ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮೀನು. ಅದರ ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರಿರುತ್ತಿತ್ತು, ಉಳಿದವರೆಲ್ಲ ಕುಟುಂಬದ ಪಾಲುದಾರರು. ಲೈನ್ ಮನೆಯ, ಅಂದರೆ ತೋಟದಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳ ಕಾರ್ಮಿಕರ ಕಥೆ ಇನ್ನೂ ಬಿಗಡಾಯಿಸಿದ್ದು. ಬಿದ್ದ ಮನೆ ತೋಟದ ಮಾಲೀಕರದು. ಹೋದ ಪಾತ್ರೆ, ಹಾಸಿಗೆ, ಕೂಡಿಟ್ಟ ಕೂಲಿ ಕಾರ್ಮಿಕರದು. ಕೆಲವರ ಆಧಾರ್ ಕಾರ್ಡಿನಲ್ಲಿ ಅಸ್ಸಾಮಿನ ವಿಳಾಸವಿತ್ತು. ಮನೆಗಳ ಪಟ್ಟಿ ಮಾಡಿದರೆ ಇವರು ಅದರಲ್ಲಿ ಕಾಣುವುದೇ ಇಲ್ಲ ಎಂದು ಹೊಳೆದು, ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಲೈನ್' ಎಂದು ಬರೆದು, ಎಷ್ಟು ವರ್ಷದಿಂದ ಯಾವ ತೋಟದಲ್ಲಿದ್ದರೆಂದು ಅದೇ ತೋಟದ ಮೇಸ್ತ್ರಿಯಿಂದ ಸಹಿ ಹಾಕಿಸಿದ್ದೆ. ಮೊದಲು ಬಂದ ಅಧಿಕಾರಿ ಇದಕ್ಕೆ ಕಾನೂನಿನ ಬೆಲೆ ಇಲ್ಲವೆಂದು ಪುಸ್ತಕ ಮುಚ್ಚಿ ಕೊಟ್ಟರು. ಎರಡನೆಯ ಸಲ ಬಂದವರು ಕುಳಿತು ಓದಿ, ನಕಲು ಕೇಳಿದರು. ಕಾರ್ಬನ್ ಹಾಳೆ ಇಟ್ಟು ಬರೆದಿರಲಿಲ್ಲವಾದ್ದರಿಂದ ಆ ರಾತ್ರಿ ನಾನೂ ಇಬ್ಬರು ವಿದ್ಯಾರ್ಥಿಗಳೂ ಅಷ್ಟೂ ಪುಟಗಳನ್ನು ಕೈಯಲ್ಲಿ ನಕಲು ಮಾಡಿದೆವು. ಎಲ್ಲರಿಗೂ ಹಣ ಸಿಕ್ಕಲಿಲ್ಲ. ಆದರೆ ಪುಸ್ತಕದಲ್ಲಿ ಹೆಸರು ಇದ್ದವರನ್ನು ಕುರಿತು ಕಚೇರಿಯಲ್ಲಿ ವಾದಿಸಲಿಕ್ಕಾದರೂ ಆಯಿತು.

ಮುಂದಿನ ವರ್ಷ ಆಗಸ್ಟ್ 9ರಂದು ವಿರಾಜಪೇಟೆ ತಾಲ್ಲೂಕಿನ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿಯಿತು. ಅಲ್ಲಿನ ಕೇಂದ್ರಕ್ಕೆ ನಿಯೋಜನೆಗೊಂಡಿದ್ದ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಮೊದಲು ಏನು ತರಿಸಿಕೊಳ್ಳಲಿ ಎಂದು ಕೇಳಿದರು. ಉದ್ದನೆಯ ಗೆರೆ ಪುಸ್ತಕ ಎರಡು, ಕಾರ್ಬನ್ ಹಾಳೆ, ಒಂದು ಕೆಂಪು ಪೆನ್ನು, ಪುಸ್ತಕ ನೆನೆಯದಂತೆ ಸುತ್ತಿಡಲು ದಪ್ಪ ಪ್ಲಾಸ್ಟಿಕ್ ಎಂದು ಹೇಳಿ, ಕಾಲಂಗಳನ್ನು ಒಂದೊಂದಾಗಿ ಬರೆಸಿದೆ.